ಬಾಂಬೆಯಲ್ಲಿ ಹುಟ್ಟಿ ಟ್ಯಾಸ್ಮೇನಿಯಾದವಳಾದ ಮರ್ಲ್ ಒಬೆರಾನ್



2023ರ ಜನವರಿಯಲ್ಲಿ ಆಸ್ಕರ್ ನಾಮನಿರ್ದೇಶನಗಳ ಪಟ್ಟಿ ಬಂತು. ಅತ್ಯುತ್ತಮ ನಟಿ ವಿಭಾಗದಲ್ಲಿ ಮಲೇಷ್ಯಾದ ಮಿಷೆಲ್ ಯೋ ಹೆಸರಿತ್ತು. ‘ಈ ವಿಭಾಗಕ್ಕೆ ಬಂದ ಮೊದಲ ಏಷ್ಯನ್ ನಟಿ’ ಅಂತ ಬರೆದುಬಿಟ್ಟರೆ ಸುದ್ದಿ ಮುಗೀತಿತ್ತು. ಆದರೆ ಹಾಲಿವುಡ್ಡಿನ ಇತಿಹಾಸ ಗೊತ್ತಿದ್ದ ಪತ್ರಕರ್ತರು ಸ್ವಲ್ಪ ತಡೆದು, ‘ತನ್ನನ್ನು ಏಷ್ಯನ್ ಎಂದು ಗುರುತಿಸಿಕೊಳ್ಳುವ ಮೊದಲ ನಟಿ’ ಅನ್ನೋ ಅರ್ಥ ಬರುವ ಹಾಗೆ ಬರೆದರು. ಆ ‘ಗುರುತಿಸಿಕೊಳ್ಳುವ’ ಅನ್ನೋ ಒಂದು ಪದ ಇದೆಯಲ್ಲ, ಅದನ್ನು ಅಲ್ಲಿ ತಂದು ಕೂರಿಸಿದ್ದು 1979ರಲ್ಲೇ ತೀರಿಕೊಂಡಿದ್ದ ಒಬ್ಬ ನಟಿ. ಹೆಸರು ಮರ್ಲ್ ಒಬೆರಾನ್. 1936ರಲ್ಲಿ ಇದೇ ವಿಭಾಗದಲ್ಲಿ ಅವಳ ಹೆಸರಿತ್ತು. ಅವಳು ಹುಟ್ಟಿದ್ದು ಬಾಂಬೆಯಲ್ಲಿ. ಜಗತ್ತಿಗೆ ಹೇಳಿದ್ದು ಟ್ಯಾಸ್ಮೇನಿಯಾ ಅಂತ.

ಅವಳ ಸಿನಿಮಾ ನೀವು ನೋಡಿಲ್ಲದೆ ಇರಬಹುದು, ಫೋಟೊ ಎಲ್ಲಾದರೂ ಕಣ್ಣಿಗೆ ಬಿದ್ದಿರತ್ತೆ. ಅಗಲವಾದ ಹಣೆ, ತುದಿ ಸ್ವಲ್ಪ ಮೇಲಕ್ಕೆ ಏರಿದ ಕಣ್ಣು, ಬೆಳದಿಂಗಳು ಬಿದ್ದ ಹಾಗೆ ಹೊಳೆಯೋ ಚರ್ಮ. ಹೆಚ್ಚು ಅಲುಗಾಡದ ಮುಖ ಅದು. ನಟನೆಯ ಲೆಕ್ಕದಲ್ಲಿ ನನ್ನ ಅಭಿಪ್ರಾಯ ಕೇಳಿದರೆ, ಬೆಟ್ಟಿ ಡೇವಿಸ್ ಅಥವಾ ಕ್ಯಾಥರೀನ್ ಹೆಪ್‌ಬರ್ನ್ ಪಕ್ಕದಲ್ಲಿ ಇವಳನ್ನು ನಿಲ್ಲಿಸೋಕೆ ಆಗಲ್ಲ. ಆದರೂ ಆ ಕಾಲದ ಎಷ್ಟೋ ತಾರೆಯರನ್ನು ಜನ ಮರೆತರು, ಇವಳ ಬಗ್ಗೆ ಮಾತ್ರ ಪುಸ್ತಕಗಳು, ಸಾಕ್ಷ್ಯಚಿತ್ರಗಳು ಬರುತ್ತಲೇ ಇವೆ. 2025ರಲ್ಲಿ ಕೂಡ ಮಯೂಖ್ ಸೇನ್ ಬರೆದ ‘ಲವ್, ಕ್ವೀನಿ’ ಅನ್ನೋ ಜೀವನಚರಿತ್ರೆ ಬಂತು. ಇದು ಬರೀ ಚೆಲುವಿನ ಮಹಿಮೆ ಅಂತ ನನಗೆ ಅನ್ನಿಸಲ್ಲ. ಆ ಅಲುಗಾಡದ ಮುಖದ ಹಿಂದೆ ಏನಿತ್ತು ಅಂತ ಈಗ ನಮಗೆ ಗೊತ್ತು. ಗೊತ್ತಾದ ಮೇಲೆ ಅವೇ ಸಿನಿಮಾಗಳು ಬೇರೆ ಥರ ಕಾಣೋಕೆ ಶುರುವಾಗತ್ತೆ.

ಮೊದಲಿನಿಂದ ಹೇಳ್ತೀನಿ.

1911ರ ಫೆಬ್ರವರಿ 19. ಬಾಂಬೆಯಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಎಸ್ಟೆಲ್ ಮರ್ಲ್ ಒ’ಬ್ರೈನ್ ಥಾಂಪ್ಸನ್. ಅದೇ ವರ್ಷದ ಕೊನೆಗೆ ಐದನೇ ಜಾರ್ಜ್ ದೊರೆ ಮತ್ತು ರಾಣಿ ಮೇರಿ ಬಾಂಬೆಗೆ ಬಂದಿಳಿದರು. ಗೇಟ್‌ವೇ ಆಫ್ ಇಂಡಿಯಾ ಕಟ್ಟಿದ್ದು ಆ ನೆನಪಿಗೇ ಅಂತ ಮುಂಬೈನಲ್ಲಿರೋ ನಿಮಗೆ ನಾನು ಹೇಳಬೇಕಾಗಿಲ್ಲ. ರಾಣಿ ಬಂದ ನೆಪದಲ್ಲೇ ಮಗುವಿಗೆ ‘ಕ್ವೀನಿ’ ಅನ್ನೋ ಅಡ್ಡಹೆಸರು ಬಿತ್ತು ಅಂತಾರೆ. ತಂದೆ ಆರ್ಥರ್ ಥಾಂಪ್ಸನ್ ಇಂಗ್ಲೆಂಡಿನವನು, ರೈಲ್ವೆಯಲ್ಲಿ ಎಂಜಿನಿಯರ್. ತಾಯಿ ಷಾರ್ಲೆಟ್ ಸೆಲ್ಬಿ ಸಿಲೋನ್ ಕಡೆಯವಳು, ಮಿಶ್ರ ಮೂಲದವಳು, ಕಪ್ಪು ಮೈಬಣ್ಣ. ಷಾರ್ಲೆಟ್‌ಗೆ ಹಿಂದಿನ ಸಂಬಂಧದಲ್ಲಿ ಹುಟ್ಟಿದ ಕಾನ್‌ಸ್ಟನ್ಸ್ ಅನ್ನೋ ಮಗಳಿದ್ದಳು. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರತ್ತೆ.

ಮೊದಲನೇ ಮಹಾಯುದ್ಧದ ಹೊತ್ತಿಗೆ ಥಾಂಪ್ಸನ್ ತೀರಿಕೊಂಡ. 1917ರಲ್ಲಿ ತಾಯಿ ಮಗಳು ಕಲ್ಕತ್ತಾ ಸೇರಿದರು. ಅಲ್ಲಿನ ಲಾ ಮಾರ್ಟಿನಿಯೇರ್ ಶಾಲೆಯಲ್ಲಿ ಕ್ವೀನಿಗೆ ವಿದ್ಯಾರ್ಥಿವೇತನದ ಮೇಲೆ ಸೀಟು ಸಿಕ್ಕಿತು. ಒಳ್ಳೆ ಶಾಲೆ, ಬಿಳಿಯರ ಮಕ್ಕಳು ಓದೋ ಶಾಲೆ. ಅಲ್ಲಿ ಅವಳ ಮೂಲ ಹಿಡಿದು ಎಷ್ಟು ಕಾಡಿದರು ಅಂದ್ರೆ, ಶಾಲೆ ಬಿಟ್ಟು ಮನೆಯಲ್ಲೇ ಪಾಠ ಹೇಳಿಸಿಕೊಳ್ಳಬೇಕಾಯ್ತು. ಬ್ರಿಟಿಷ್ ಸರ್ಕಾರ ‘ಆಂಗ್ಲೋ-ಇಂಡಿಯನ್’ ಅನ್ನೋ ಪದವನ್ನು ಮಿಶ್ರ ಸಂತಾನದವರಿಗೆ ಅಧಿಕೃತವಾಗಿ ಬಳಸಿದ್ದು 1911ರಲ್ಲಿ, ಅಂದ್ರೆ ಇವಳು ಹುಟ್ಟಿದ ವರ್ಷವೇ. ಆ ಜನಕ್ಕೆ ರೈಲ್ವೆ, ಟೆಲಿಗ್ರಾಫ್, ಟೆಲಿಫೋನ್ ಎಕ್ಸ್‌ಚೇಂಜ್ ಇಂಥ ಕಡೆ ನೌಕರಿ ಸಿಗ್ತಿತ್ತು, ಕ್ಲಬ್ಬಿನ ಒಳಗೆ ಕುರ್ಚಿ ಸಿಗ್ತಿರಲಿಲ್ಲ. ಅವರ ಮೈಯ ರಕ್ತವನ್ನು ರೂಪಾಯಿಗೆ ಎಂಟಾಣೆ, ನಾಲ್ಕಾಣೆ ಅಂತ ಲೆಕ್ಕ ಹಾಕಿ ಗೇಲಿ ಮಾಡ್ತಿದ್ದರು. ಅವರ ಇಂಗ್ಲಿಷಿನ ಧಾಟಿಗೆ ‘ಚೀ-ಚೀ’ ಅಂತಲೇ ಹೆಸರಿತ್ತು. ಇನ್ನೊಂದು ಕಡೆ, ಭಾರತೀಯ ಸಮಾಜವೂ ಇವರನ್ನು ನಮ್ಮವರು ಅಂತ ಒಳಗೆ ಕರೆದುಕೊಳ್ಳಲಿಲ್ಲ. ಇದನ್ನು ಮರೆಯಬಾರದು.

ಕ್ವೀನಿ ಕೂಡ ಟೆಲಿಫೋನ್ ಆಪರೇಟರ್ ಆಗಿ ಕೆಲಸ ಮಾಡಿದಳು. ಸಂಜೆ ಫಿರ್ಪೋಸ್‌ನಂಥ ರೆಸ್ಟೋರೆಂಟು, ಹವ್ಯಾಸಿ ನಾಟಕ ತಂಡ, ಉಳಿದ ಹೊತ್ತೆಲ್ಲ ಸಿನಿಮಾ. 1920ರ ದಶಕದ ಕೊನೆಗೆ ಬೆನ್ ಫಿನ್ನಿ ಅನ್ನೋ ಒಬ್ಬ ಮಾಜಿ ಅಮೆರಿಕನ್ ನಟ ಪರಿಚಯವಾದ. ಒಡನಾಟ ಬೆಳೀತು. ಒಂದು ದಿನ ಅವಳ ಮನೆಗೆ ಬಂದು ತಾಯಿಯ ಮೈಬಣ್ಣ ನೋಡಿದ, ಕ್ವೀನಿ ಪೂರ್ತಿ ಬಿಳಿಯಳಲ್ಲ ಅಂತ ಅರ್ಥವಾಯಿತು, ಸಂಬಂಧ ಮುರಿದ. ಜೊತೆಗೆ ಒಂದು ಭರವಸೆ ಕೊಟ್ಟ: ನೀನು ಫ್ರಾನ್ಸಿಗೆ ಬಂದರೆ ನೀಸ್ ನಗರದಲ್ಲಿರೋ ನಿರ್ದೇಶಕ ರೆಕ್ಸ್ ಇಂಗ್ರಾಮ್‌ಗೆ ಪರಿಚಯ ಮಾಡಿಸ್ತೀನಿ. ಬರಲ್ಲ ಅಂತ ಅಂದುಕೊಂಡೇ ಹೇಳಿರಬೇಕು. ಅವಳು ತಾಯಿಯನ್ನೂ ಕರೆದುಕೊಂಡು ಹಡಗು ಹತ್ತಿಬಿಟ್ಟಳು. ಇಂಗ್ರಾಮ್ ಚಿತ್ರದಲ್ಲಿ ಸಣ್ಣ ಕೆಲಸವೂ ಸಿಕ್ಕಿತು.

ಅಲ್ಲಿಂದ ಲಂಡನ್. ಕೆಫೆ ದ ಪ್ಯಾರಿಸ್ ಅನ್ನೋ ನೈಟ್‌ಕ್ಲಬ್ಬಿನಲ್ಲಿ ಕ್ವೀನಿ ಒ’ಬ್ರೈನ್ ಅನ್ನೋ ಹೆಸರಿನಲ್ಲಿ ಹೋಸ್ಟೆಸ್ ಕೆಲಸ, ಹಗಲು ಹೊತ್ತು ಸಿನಿಮಾದಲ್ಲಿ ಗುಂಪಿನ ಪಾತ್ರ. ಮನೆಯಲ್ಲಿ ತಾಯಿ. ಯಾರಾದರೂ ಮನೆಗೆ ಬಂದರೆ ಆ ತಾಯಿಯನ್ನು ‘ಕೆಲಸದವಳು’ ಅಂತ ಪರಿಚಯಿಸ್ತಿದ್ದಳು ಎಂದು ಜೀವನಚರಿತ್ರೆಕಾರರು ಬರೆಯುತ್ತಾರೆ.

ಇಲ್ಲಿ ಎಲ್ಲರೂ ನಿಲ್ತಾರೆ. ಥೂ, ಹೆತ್ತ ತಾಯಿಯನ್ನೇ, ಅಂತ ಅನ್ನಿಸೋದು ಸಹಜ. ನನಗೂ ಅನ್ನಿಸತ್ತೆ. ಆದರೆ ತೀರ್ಪು ಕೊಡೋ ಮೊದಲು ಆ ಕಾಲದ ಕಾನೂನು ಪುಸ್ತಕವನ್ನು ಒಂದು ಸಲ ತೆರೆಯಬೇಕು. ವೀಸಾ, ಸ್ಟಾಂಪಿಂಗ್, ಕೋಟಾ ಅಂತ ದಿನಾ ತಲೆ ಕೆಡಿಸಿಕೊಳ್ಳೋ ನಮ್ಮ ಪೈಕಿಯವರಿಗೆ ಇದು ಬೇಗ ಅರ್ಥವಾಗತ್ತೆ.

1917ರಲ್ಲಿ ಅಮೆರಿಕ ಒಂದು ವಲಸೆ ಕಾನೂನು ತಂತು. ಭೂಪಟದ ಮೇಲೆ ಗೆರೆ ಎಳೆದು, ಈ ಗೆರೆಯೊಳಗಿನ ಏಷ್ಯಾದವರು ನೆಲೆಸೋಕೆ ಬರುವಂತಿಲ್ಲ ಅಂತು. ಆ ಗೆರೆಯ ಒಳಗೆ ಭಾರತವೂ ಇತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆ ಬಂತು. ಥಿಂಡ್ ಪಂಜಾಬಿನವರು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲೇ ಇದ್ದವರು. ಪೌರತ್ವ ಕೇಳಿದರು. ಸಾಮಾನ್ಯ ಮನುಷ್ಯ ‘ಬಿಳಿಯ’ ಅಂದಾಗ ಯಾರನ್ನು ಅಂದುಕೊಳ್ಳುತ್ತಾನೋ ಅವರಲ್ಲಿ ಇವರು ಬರಲ್ಲ, ಹಾಗಾಗಿ ಪೌರತ್ವ ಇಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಡ್ತು. 1924ರ ಕಾನೂನು ಇನ್ನೊಂದು ಬೀಗ ಜಡೀತು: ಪೌರತ್ವಕ್ಕೆ ಅರ್ಹರಲ್ಲದವರು ವಲಸೆಯನ್ನೂ ಬರಬಾರದು. ಇದು ಸಡಿಲವಾಗಿದ್ದು 1946ರಲ್ಲಿ. ಆಗ ಭಾರತಕ್ಕೆ ಸಿಕ್ಕ ಕೋಟಾ ವರ್ಷಕ್ಕೆ 100 ಜನ. ನೂರು!

ಸಿನಿಮಾದ ಒಳಗೆ ಬೇರೆಯೇ ಬೇಲಿ. ಹಾಲಿವುಡ್ ಸ್ಟುಡಿಯೋಗಳು ತಮಗೆ ತಾವೇ ಹಾಕಿಕೊಂಡ ‘ಪ್ರೊಡಕ್ಷನ್ ಕೋಡ್’ 1934ರಿಂದ ಕಟ್ಟುನಿಟ್ಟಾಯ್ತು. ಬಿಳಿಯರು ಮತ್ತು ಕಪ್ಪು ಜನರ ನಡುವಿನ ಪ್ರಣಯ ತೋರಿಸಬಾರದು ಅಂತ ಅದರಲ್ಲಿ ಬರೆದಿತ್ತು; ನಡೆಸುವಾಗ ಏಷ್ಯಾದವರಿಗೂ ಅದರ ನೆರಳು ಬಿತ್ತು. ಇದರ ಪೆಟ್ಟು ಯಾರಿಗೆ ಬಿತ್ತು ಅಂದ್ರೆ ಆನಾ ಮೇ ವಾಂಗ್‌ಗೆ. ಲಾಸ್ ಏಂಜಲೀಸ್‌ನಲ್ಲೇ ಹುಟ್ಟಿ ಬೆಳೆದ ಚೀನೀ ಮೂಲದ ನಟಿ, ಆಗಲೇ ದೊಡ್ಡ ಹೆಸರು. ಚೀನಾದ ರೈತರ ಕಥೆ ‘ದಿ ಗುಡ್ ಅರ್ತ್’ (1937) ತೆಗೆಯುವಾಗ ನಾಯಕಿಯ ಪಾತ್ರ ಅವಳಿಗೆ ಸಿಗಲಿಲ್ಲ. ನಾಯಕನ ಪಾತ್ರಕ್ಕೆ ಬಿಳಿಯ ನಟ ಪಾಲ್ ಮುನಿ ಬಂದಾಗಿತ್ತು, ಹೆಂಡತಿಯೂ ಬಿಳಿಯಳೇ ಆಗಬೇಕಿತ್ತು. ಲೂಯಿಸ್ ರೈನರ್ ಚೀನೀ ಹೆಂಗಸಿನ ಮೇಕಪ್ ಹಾಕಿಕೊಂಡು ಮಾಡಿದಳು, ಆಸ್ಕರ್ ತೆಗೆದುಕೊಂಡಳು. ಏಷ್ಯಾದವಳು ಅಂತ ಮುಖದ ಮೇಲೆ ಕಾಣಿಸಿದರೆ ಏನಾಗತ್ತೆ ಅನ್ನೋದಕ್ಕೆ ಮರ್ಲ್ ಕಣ್ಣೆದುರಿಗೇ ಉದಾಹರಣೆ ಇತ್ತು.

ಈಗ ಲಂಡನ್ನಿಗೆ ವಾಪಸ್ ಬರೋಣ. ಕ್ವೀನಿಯನ್ನು ಮರ್ಲ್ ಒಬೆರಾನ್ ಮಾಡಿದ್ದು ಅಲೆಕ್ಸಾಂಡರ್ ಕೋರ್ಡಾ. ಒ’ಬ್ರೈನ್ ಅನ್ನೋದನ್ನೇ ತಿರುಚಿ ಒಬೆರಾನ್. ಷೇಕ್ಸ್‌ಪಿಯರ್ ನಾಟಕದ ಗಂಧರ್ವರಾಜನ ಹೆಸರು ಅದು. ‘ದಿ ಪ್ರೈವೇಟ್ ಲೈಫ್ ಆಫ್ ಹೆನ್ರಿ ದಿ ಎಯ್ಟ್ತ್’ (1933) ಚಿತ್ರದಲ್ಲಿ ತಲೆ ಕಡಿಸಿಕೊಳ್ಳೋ ರಾಣಿ ಆ್ಯನ್ ಬೊಲಿನ್ ಪಾತ್ರ. ತೆರೆ ಮೇಲೆ ಕೆಲವೇ ನಿಮಿಷ ಇರೋದು, ಜನಕ್ಕೆ ಮುಖ ಮರೆಯಲಿಲ್ಲ. ಹುಟ್ಟೂರು ಎಲ್ಲಿ ಅನ್ನೋ ಪ್ರಶ್ನೆ ಬರತ್ತಲ್ಲ? ಅದಕ್ಕೆ ಉತ್ತರ ತಯಾರಾಯ್ತು: ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ದ್ವೀಪ, ಹೋಬಾರ್ಟ್ ಪಟ್ಟಣ. ಬೆಳೆದದ್ದು ಮಾತ್ರ ಇಂಡಿಯಾ. ಜನನದ ದಾಖಲೆ? ಬೆಂಕಿಯಲ್ಲಿ ಸುಟ್ಟುಹೋಯ್ತು. ಇಂಡಿಯಾವನ್ನು ಪೂರ್ತಿ ಅಳಿಸಲಿಲ್ಲ ನೋಡಿ, ಅದರಲ್ಲಿ ಜಾಣತನ ಇದೆ. ಕಲ್ಕತ್ತಾದಲ್ಲಿ ನೋಡಿದೀನಿ ಅಂತ ಯಾರಾದರೂ ಎದ್ದು ನಿಂತರೂ ಕಥೆ ಕುಸಿಯಲ್ಲ. ಹೋಬಾರ್ಟ್ ಎಷ್ಟು ದೂರ ಅಂದ್ರೆ ಹೋಗಿ ಪರೀಕ್ಷೆ ಮಾಡೋರು ಯಾರೂ ಇರಲಿಲ್ಲ. ತಮಾಷೆ ಅಂದ್ರೆ, ನಿಜವಾಗಿಯೂ ಹೋಬಾರ್ಟ್‌ನಲ್ಲೇ ಹುಟ್ಟಿದ್ದ ಇನ್ನೊಬ್ಬ ನಟ ಹಾಲಿವುಡ್ಡಿಗೆ ಬಂದ: ಎರಲ್ ಫ್ಲಿನ್.

ಸುಳ್ಳು ಹೇಳಿದವಳು ಅವಳೊಬ್ಬಳೇ ಅಂದುಕೊಂಡರೆ ಅನ್ಯಾಯವಾಗತ್ತೆ. ಕೋರ್ಡಾ ಹಂಗೇರಿಯ ಯಹೂದಿ, ಮೊದಲ ಹೆಸರು ಸಾಂದೋರ್ ಕೆಲ್ನರ್. ಆಮೇಲೆ ಅವಳನ್ನು ಅಮೆರಿಕಕ್ಕೆ ಕರೆಸಿಕೊಂಡ ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ವಾರ್ಸಾದಲ್ಲಿ ಗೆಲ್ಬ್‌ಫಿಷ್ ಆಗಿದ್ದವನು, ನಡುವೆ ಗೋಲ್ಡ್‌ಫಿಷ್ ಆಗಿ, ಕೊನೆಗೆ ಗೋಲ್ಡ್‌ವಿನ್ ಆದವನು. 1934ರ ‘ದಿ ಸ್ಕಾರ್ಲೆಟ್ ಪಿಂಪರ್ನೆಲ್’ ತೆಗೆದುಕೊಳ್ಳಿ. ಇಂಗ್ಲಿಷ್‌ತನ ಅಂದ್ರೆ ಇದೇ ಅಂತ ಜನ ಕೊಂಡಾಡಿದ ಚಿತ್ರ. ಕಾದಂಬರಿ ಬರೆದ ಬ್ಯಾರನೆಸ್ ಓರ್ಕ್ಸಿ ಹುಟ್ಟಿದ್ದು ಹಂಗೇರಿ. ನಿರ್ಮಾಪಕ ಹಂಗೇರಿ. ನಾಯಕ ಲೆಸ್ಲಿ ಹೊವರ್ಡ್ ತಂದೆ ಹಂಗೇರಿಯ ಯಹೂದಿ, ಸ್ಟೈನರ್ ಅನ್ನೋ ಹೆಸರಿನವರು. ನಾಯಕಿ ಬಾಂಬೆ. ಕಥೆ ಏನು? ನಿಜ ರೂಪ ಮುಚ್ಚಿಟ್ಟುಕೊಂಡು ಓಡಾಡೋ ಒಬ್ಬ ಮನುಷ್ಯನದು!

ವ್ಯತ್ಯಾಸ ಇಷ್ಟೇ. ಯುರೋಪಿನ ಯಹೂದಿ ಹೆಸರು ಬದಲಾಯಿಸಿದರೆ ಅಮೆರಿಕದ ಕಾನೂನು ಅವನನ್ನು ಬಿಳಿಯನೆಂದೇ ಒಳಗೆ ಬಿಡುತ್ತಿತ್ತು. ಮರ್ಲ್ ಬದಲಾಯಿಸಬೇಕಾಗಿದ್ದು ತಾಯಿಯನ್ನು.

ಇಲ್ಲಿ ನಮ್ಮ ಮೈಸೂರು ಸೀಮೆ ಬರತ್ತೆ. ಕಬಿನಿಗೆ ಸಫಾರಿಗೆ ಹೋಗಿರ್ತೀರಲ್ಲ, ಅಲ್ಲಿನ ಕಾರಾಪುರದಲ್ಲಿ 1924ರಲ್ಲಿ ಒಬ್ಬ ಮಾವುತನ ಮಗ ಹುಟ್ಟಿದ. ಸೇಲಾರ್ ಶೇಖ್ ಸಾಬು. ತಂದೆ ತೀರಿಹೋಗಿ, ಹುಡುಗ ಮಹಾರಾಜರ ಆನೆಲಾಯದ ಆಶ್ರಯದಲ್ಲಿದ್ದ. ಕಿಪ್ಲಿಂಗ್ ಕಥೆ ಆಧರಿಸಿ ‘ಎಲಿಫೆಂಟ್ ಬಾಯ್’ ತೆಗೆಯೋಕೆ ನಿರ್ದೇಶಕ ರಾಬರ್ಟ್ ಫ್ಲಹರ್ಟಿ ಮೈಸೂರಿಗೆ ಬಂದ. ಹುಡುಗ ಅವನ ತಂಡದ ಕಣ್ಣಿಗೆ ಬಿದ್ದ. 1937ರಲ್ಲಿ ಚಿತ್ರ ಬಂತು, ಸಾಬು ಜಗತ್ಪ್ರಸಿದ್ಧನಾದ. ಆ ಚಿತ್ರದ ಕಂಪನಿ ಯಾವುದು ಗೊತ್ತಾ? ಲಂಡನ್ ಫಿಲ್ಮ್ಸ್. ಮಾಲೀಕ ಅದೇ ಅಲೆಕ್ಸಾಂಡರ್ ಕೋರ್ಡಾ.

ಅಂದ್ರೆ ಒಂದೇ ಕಂಪನಿಯ ಸಂಬಳದ ಪಟ್ಟಿಯಲ್ಲಿ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಇಬ್ಬರು ಭಾರತದವರು. ಒಬ್ಬನಿಗೆ ಮೈ ತುಂಬ ಬಟ್ಟೆ ಕೊಡದೆ, ತಲೆಗೆ ಪೇಟ ಸುತ್ತಿ, ಭಾರತ ಅಂದ್ರೆ ಇವನೇ ಅಂತ ಮಾರಿದರು. ಅವನು ಬೇರೇನೂ ಆಗೋಕೆ ಬಿಡಲಿಲ್ಲ. ‘ದಿ ಡ್ರಮ್’, ‘ದಿ ಥೀಫ್ ಆಫ್ ಬಾಗ್ದಾದ್’, ‘ಜಂಗಲ್ ಬುಕ್’, ಬರೀ ಕಾಡು, ಆನೆ, ಅರಮನೆ. ಇನ್ನೊಬ್ಬಳು ಭಾರತದವಳು ಅಂತ ಉಸಿರೂ ಬಿಡಬಾರದಾಗಿತ್ತು. ಸಾಬು ಆಮೇಲೆ ಅಮೆರಿಕಕ್ಕೆ ಹೋಗಿ 1944ರಲ್ಲಿ ಪೌರತ್ವ ಪಡೆದ, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಹೋರಾಡಿದ. ಯುದ್ಧ ಮುಗಿದ ಮೇಲೆ ಅವನಿಗೆ ತಕ್ಕ ಪಾತ್ರಗಳೇ ಇರಲಿಲ್ಲ. 1963ರಲ್ಲಿ, 39ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡ. ಸತ್ಯ ಹೇಳಿದವನಿಗೆ ಏನು ಸಿಕ್ಕಿತು, ಮುಚ್ಚಿಟ್ಟವಳಿಗೆ ಏನು ಸಿಕ್ಕಿತು ಅಂತ ಪಕ್ಕಪಕ್ಕ ಇಟ್ಟು ನೋಡಿದಾಗ, ಟ್ಯಾಸ್ಮೇನಿಯಾದ ಸುಳ್ಳಿನ ಬೆಲೆ ನನಗೆ ಸರಿಯಾಗಿ ಅರ್ಥವಾಯಿತು.

ಮರ್ಲ್ ಕಡೆಗೆ ಬರೋಣ. ಇಂಗ್ಲೆಂಡಿನಲ್ಲಿ ಕೋರ್ಡಾ ಅವಳನ್ನು ‘ದೂರ ದೇಶದ ರಹಸ್ಯಮಯ ಸುಂದರಿ’ಯ ಹಾಗೆ ತೋರಿಸಿದ್ದ. ಗೋಲ್ಡ್‌ವಿನ್ 1935ರಲ್ಲಿ ಆ ಭಾರಿ ಮೇಕಪ್ಪನ್ನೆಲ್ಲ ಒರೆಸಿ, ‘ದಿ ಡಾರ್ಕ್ ಏಂಜಲ್’ನಲ್ಲಿ ಅಚ್ಚ ಇಂಗ್ಲಿಷ್ ಹಳ್ಳಿಯ ಹುಡುಗಿಯನ್ನಾಗಿ ಮಾಡಿದ. ಪ್ರಿಯಕರ ಯುದ್ಧದಲ್ಲಿ ಕಣ್ಣು ಕಳೆದುಕೊಳ್ಳೋ ಕಥೆ. ಆ ಪಾತ್ರಕ್ಕೇ ಆಸ್ಕರ್ ನಾಮನಿರ್ದೇಶನ ಬಂದಿದ್ದು. 1936ರ ಮಾರ್ಚಿನಲ್ಲಿ ಪ್ರಶಸ್ತಿ ಬೆಟ್ಟಿ ಡೇವಿಸ್‌ಗೆ ಹೋಯ್ತು. ಅದೇ ವರ್ಷ ವಿಲಿಯಂ ವೈಲರ್ ನಿರ್ದೇಶಿಸಿದ ‘ದೀಸ್ ತ್ರೀ’ ಬಂತು. ಒಂದು ಮಗು ಹೇಳಿದ ಸುಳ್ಳಿನಿಂದ ಇಬ್ಬರು ಶಿಕ್ಷಕಿಯರ ಬದುಕು ಹಾಳಾಗೋ ಕಥೆ. ಅವಳ ನಟನೆ ನನಗೆ ಹೆಚ್ಚು ಹಿಡಿಸಿದ್ದು ಇದರಲ್ಲೇ. ಗುಟ್ಟು ಹೊರಗೆ ಬಂದರೆ ಊರು ಹೇಗೆ ಬೆನ್ನು ತಿರುಗಿಸತ್ತೆ ಅನ್ನೋದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

1937 ಕೆಟ್ಟ ವರ್ಷ. ‘ಐ, ಕ್ಲಾಡಿಯಸ್’ ಚಿತ್ರೀಕರಣದ ನಡುವೆ ಲಂಡನ್ನಿನಲ್ಲಿ ಕಾರು ಅಪಘಾತವಾಗಿ ಮುಖಕ್ಕೆ ಗಾಯವಾಯಿತು. ಮೊದಲೇ ಕುಂಟುತ್ತಿದ್ದ ಆ ಚಿತ್ರ ಅಲ್ಲಿಗೇ ನಿಂತುಹೋಯ್ತು. ಅದೇ ವರ್ಷ ಷಾರ್ಲೆಟ್ ತೀರಿಕೊಂಡಳು.

ಮುಖದ ವಿಷಯಕ್ಕೆ ಬಂದಾಗ ನಿಮಗೆ ಇಷ್ಟವಾಗೋ ಒಂದು ತಾಂತ್ರಿಕ ಸಂಗತಿ ಇದೆ. ಅಪಘಾತದ ಕಲೆ ಒಂದು ಕಡೆ. 1940ರ ಹೊತ್ತಿಗೆ ಸೌಂದರ್ಯವರ್ಧಕಗಳ ವಿಷ ಮತ್ತು ಸಲ್ಫಾ ಔಷಧಿಯ ಅಲರ್ಜಿಯಿಂದ ಚರ್ಮ ಇನ್ನಷ್ಟು ಹಾಳಾಯ್ತು. ಚರ್ಮದ ಮೇಲ್ಪದರ ಕೆರೆಯೋ ಚಿಕಿತ್ಸೆಗಳಿಂದಲೂ ಪೂರ್ತಿ ಸರಿಹೋಗಲಿಲ್ಲ. 1944ರ ‘ದಿ ಲಾಡ್ಜರ್’ ಚಿತ್ರದ ಛಾಯಾಗ್ರಾಹಕ ಲೂಸಿಯನ್ ಬಲಾರ್ಡ್ ಇದಕ್ಕೊಂದು ಉಪಾಯ ಕಂಡುಹಿಡಿದ. ಪಕ್ಕದಿಂದ ಬೆಳಕು ಬಿದ್ದರೆ ಚರ್ಮದ ಪ್ರತಿ ಉಬ್ಬುತಗ್ಗಿಗೂ ನೆರಳು ಬೀಳತ್ತೆ. ಕ್ಯಾಮೆರಾದ ಲೆನ್ಸಿನ ಹತ್ತಿರವೇ ಒಂದು ಸಣ್ಣ ದೀಪ ಕೂರಿಸಿ ನೇರ ಮುಖಕ್ಕೆ ಬಿಟ್ಟರೆ, ಬಿದ್ದ ನೆರಳು ಉಬ್ಬಿನ ಹಿಂದೆಯೇ ಅಡಗಿಹೋಗತ್ತೆ, ಕ್ಯಾಮೆರಾಕ್ಕೆ ಕಾಣಲ್ಲ. ಮುಖ ನಯವಾಗಿ ಕಾಣತ್ತೆ, ಬಣ್ಣವೂ ತಿಳಿಯಾಗತ್ತೆ. ಆ ದೀಪಕ್ಕೆ ‘ಓಬಿ’ ಅಂತ ಹೆಸರು ಬಿತ್ತು, ಒಬೆರಾನ್‌ನ ಓಬಿ. ಇವತ್ತಿಗೂ ಸಿನಿಮಾ ದೀಪದವರ ಬಾಯಲ್ಲಿ ಆ ಹೆಸರಿದೆ. ನೀವು ಟೀಮ್ಸ್ ಕಾಲ್‌ಗೆ ಹಚ್ಚೋ ರಿಂಗ್ ಲೈಟ್ ಕೆಲಸ ಮಾಡೋದೂ ಇದೇ ತತ್ವದ ಮೇಲೆ. ಬಲಾರ್ಡ್‌ನನ್ನು ಅವಳು ಮದುವೆಯೂ ಆದಳು. 1939ರಲ್ಲಿ ಆಗಿದ್ದ ಕೋರ್ಡಾ ಜೊತೆಗಿನ ಮದುವೆ 1945ರಲ್ಲಿ ಮುರಿದಿತ್ತು. ಕೋರ್ಡಾಗೆ 1942ರಲ್ಲಿ ಸರ್ ಪದವಿ ಬಂದಾಗ ಕಲ್ಕತ್ತಾದ ಟೆಲಿಫೋನ್ ಆಪರೇಟರ್ ಲೇಡಿ ಕೋರ್ಡಾ ಆಗಿದ್ದಳು.

ಇನ್ನು ‘ವದರಿಂಗ್ ಹೈಟ್ಸ್’, 1939. ಅವಳ ಹೆಸರು ಇವತ್ತಿಗೂ ಉಳಿದಿರೋದು ಮುಖ್ಯವಾಗಿ ಈ ಚಿತ್ರದಿಂದ. ಎಮಿಲಿ ಬ್ರಾಂಟೆ ಕಾದಂಬರಿಯ ನಾಯಕ ಹೀತ್‌ಕ್ಲಿಫ್ ಎಲ್ಲಿಂದಲೋ ಸಿಕ್ಕ ಅನಾಥ, ಕಪ್ಪು ಮೈಬಣ್ಣದವನು. ಹಡಗಿನಲ್ಲಿ ದುಡಿಯೋ ಭಾರತದ ಖಲಾಸಿಗಳನ್ನು ಆಗ ‘ಲಾಸ್ಕರ್’ ಅನ್ನುತ್ತಿದ್ದರು. ಇವನೂ ಅಂಥವರ ಮಗನಿರಬೇಕು ಅಂತ ಕಾದಂಬರಿಯಲ್ಲೇ ಒಬ್ಬರು ಅನುಮಾನಪಡ್ತಾರೆ. ನಾಯಕಿ ಕ್ಯಾಥಿ ಯಾರ್ಕ್‌ಶೈರಿನ ಜಮೀನುದಾರರ ಬಿಳಿಯ ಮಗಳು. ಸಿನಿಮಾದಲ್ಲಿ ಕಪ್ಪು ಅನಾಥನ ಪಾತ್ರ ಮಾಡಿದ್ದು ಲಾರೆನ್ಸ್ ಒಲಿವಿಯರ್, ಇಂಗ್ಲೆಂಡಿನ ಪಾದ್ರಿಯ ಮಗ. ಬಿಳಿಯ ಕ್ಯಾಥಿಯಾಗಿ ಬಾಂಬೆಯ ಕ್ವೀನಿ. ಯಾರ್ಕ್‌ಶೈರಿನ ಬಯಲಿನ ವೇಷ ಹಾಕಿದ್ದು ಕ್ಯಾಲಿಫೋರ್ನಿಯಾದ ಗುಡ್ಡಗಳು.

ಕ್ಯಾಥಿಯ ಪಾತ್ರ ತನ್ನ ಪ್ರೇಯಸಿ ವಿವಿಯನ್ ಲೀಗೆ ಸಿಗಬೇಕಿತ್ತು ಅಂತ ಒಲಿವಿಯರ್‌ಗೆ ಸಿಟ್ಟು. ಸೆಟ್ಟಿನಲ್ಲಿ ಮರ್ಲ್ ಜೊತೆ ಚೆನ್ನಾಗಿ ನಡೆದುಕೊಳ್ಳಲಿಲ್ಲ. ಲೀ ಹುಟ್ಟಿದ್ದು ಎಲ್ಲಿ? ಡಾರ್ಜಿಲಿಂಗ್, 1913. ಅವಳು ಅದನ್ನು ಯಾವತ್ತೂ ಮುಚ್ಚಿಡಬೇಕಾಗಿ ಬರಲಿಲ್ಲ. ಬಿಳಿಯಳೆಂದು ಒಪ್ಪಿಕೊಂಡವಳಿಗೆ ಭಾರತದಲ್ಲಿ ಹುಟ್ಟಿದ್ದು ಒಂದು ಒಡವೆಯ ಹಾಗೆ, ಇನ್ನೊಬ್ಬಳಿಗೆ ಕೊರಳಿಗೆ ಕಟ್ಟಿದ ಕಲ್ಲು.

ಆ ಚಿತ್ರದಲ್ಲೊಂದು ದೃಶ್ಯ ಬರತ್ತೆ. ಇಬ್ಬರೂ ಇನ್ನೂ ಮಕ್ಕಳು, ಬಂಡೆಯ ಹತ್ತಿರ ಇದ್ದಾರೆ; ಇಲ್ಲಿ ನಟಿಸಿದ್ದು ಬಾಲನಟರು. ತಾನು ಯಾರ ಮಗನೋ ಏನೋ ಅಂತ ಕುಗ್ಗಿರೋ ಹೀತ್‌ಕ್ಲಿಫ್‌ಗೆ ಕ್ಯಾಥಿ ಧೈರ್ಯ ತುಂಬುತ್ತಾಳೆ: ನೀನು ವೇಷ ಮರೆಸಿಕೊಂಡ ರಾಜಕುಮಾರ, ನಿನ್ನ ತಾಯಿ ಭಾರತದ ರಾಣಿ ಅನ್ನೋ ಅರ್ಥದ ಮಾತು. ಕಾದಂಬರಿಯಲ್ಲಿ ಈ ಕಲ್ಪನೆ ಮನೆಗೆಲಸದ ನೆಲ್ಲಿಯದು. ಸಿನಿಮಾದವರು ಅದನ್ನು ಕ್ಯಾಥಿಯ ಬಾಯಿಗೆ ಹಾಕಿದರು. ದೊಡ್ಡವಳಾದ ಕ್ಯಾಥಿಯ ಪಾತ್ರ ಮಾಡಿದವಳ ತಾಯಿ ಎರಡು ವರ್ಷದ ಹಿಂದಷ್ಟೇ ತೀರಿಹೋಗಿದ್ದಳು, ಮನೆಗೆ ಬಂದವರ ಕಣ್ಣಿಗೆ ಕೆಲಸದವಳಾಗಿಯೇ. 1939ರ ಪ್ರೇಕ್ಷಕರಿಗೆ ಇದು ಒಂದು ಮುದ್ದಾದ ಪ್ರೇಮದ ಮಾತು, ಅಷ್ಟೇ. ನಮಗೆ ಹಾಗೆ ಕೇಳಿಸಲ್ಲ. ಆಮೇಲೆ ಮರ್ಲ್ ತೆರೆ ಮೇಲೆ ಬಂದಾಗ ಅವಳ ಮುಖದಲ್ಲಿ ಏನಾದರೂ ಕದಲತ್ತಾ ಅಂತ ನಾನು ಎಷ್ಟೋ ಸಲ ನಿಲ್ಲಿಸಿ, ಹಿಂದಕ್ಕೆ ಓಡಿಸಿ ನೋಡಿದೀನಿ. ಏನೂ ಕದಲಲ್ಲ. ಒಳಗೆ ಏನಿತ್ತೋ, ತೆರೆ ಮೇಲೆ ಕ್ಯಾಥಿ ಮಾತ್ರ ಇದ್ದಾಳೆ.

ಆ ಚಿತ್ರಕ್ಕೆ 8 ನಾಮನಿರ್ದೇಶನ ಬಂತು, ಮರ್ಲ್‌ಗೆ ಇಲ್ಲ. ಗೆದ್ದದ್ದು ಗ್ರೆಗ್ ಟೋಲಂಡ್‌ನ ಛಾಯಾಗ್ರಹಣ ಒಂದೇ.

1949ರಲ್ಲಿ ಅವಳು ತಾಯಿಯ ಹಳೇ ಫೋಟೊ ಕೊಟ್ಟು ಭಾವಚಿತ್ರ ಬರೆಸಿದಳು. ಚಿತ್ರಕಾರನಿಗೆ ಒಂದು ಸೂಚನೆ ಇತ್ತು: ಮೈಬಣ್ಣ ತಿಳಿಯಾಗಿರಲಿ. ಆ ಚಿತ್ರ ಅವಳ ಜೊತೆ ಮನೆಯಿಂದ ಮನೆಗೆ ಹೋಯ್ತು, ಕೊನೆವರೆಗೂ ಗೋಡೆ ಮೇಲಿತ್ತು. ತಾಯಿಯ ಮೇಲೆ ಪ್ರೀತಿ ಇರಲಿಲ್ಲ ಅನ್ನೋರು ಇದನ್ನು ಗಮನಿಸಬೇಕು. ಪ್ರೀತಿ ಇತ್ತು ಅನ್ನೋರೂ ಇದನ್ನೇ ಗಮನಿಸಬೇಕು.

1950ರ ದಶಕದ ಹೊತ್ತಿಗೆ ಸಿನಿಮಾ ಕಡಿಮೆಯಾಯ್ತು. 1957ರಲ್ಲಿ ಮೆಕ್ಸಿಕೊದ ಉದ್ಯಮಿ ಬ್ರೂನೊ ಪಾಲ್ಯಾಯಿಯನ್ನು ಮದುವೆಯಾಗಿ ಎರಡು ಮಕ್ಕಳನ್ನು ದತ್ತು ತೆಗೆದುಕೊಂಡಳು. ಅಲ್ಲಿ ದೊಡ್ಡ ಮನೆ, ದೊಡ್ಡ ಪಾರ್ಟಿ. ಕೊನೆಯ ಚಿತ್ರ ‘ಇಂಟರ್ವಲ್’ (1973), ಅದರ ನಾಯಕ ರಾಬರ್ಟ್ ವೋಲ್ಡರ್ಸ್ ಜೊತೆ 1975ರಲ್ಲಿ ಕೊನೆಯ ಮದುವೆ. ಆ ವರ್ಷಗಳ ಬಗ್ಗೆ ಹೇಳೋದು ಹೆಚ್ಚಿಲ್ಲ, ಗುಟ್ಟಿನ ಕಾವಲು ಬಿಟ್ಟರೆ. ಕೋರ್ಡಾನ ತಮ್ಮನ ಮಗ ಮೈಕಲ್ ಕೋರ್ಡಾ ಕುಟುಂಬದ ಕಥೆ ಬರೀತಿದ್ದಾಗ, ನನ್ನ ಹುಟ್ಟಿನ ವಿಷಯ ಹಾಕಿದರೆ ಕೋರ್ಟಿಗೆ ಹೋಗ್ತೀನಿ ಅಂದಳಂತೆ. ಅವರು ಕೈಬಿಟ್ಟರು. ಅವಳು ಹೋದ ಮೇಲೆ 1985ರಲ್ಲಿ ‘ಕ್ವೀನಿ’ ಅನ್ನೋ ಕಾದಂಬರಿ ಮಾಡಿ ಬರೆದರು. ಅದು ಅಮೆರಿಕದಲ್ಲಿ ಟಿವಿ ಧಾರಾವಾಹಿಯೂ ಆಯ್ತು.

1978ರಲ್ಲಿ ಇಡೀ ಜೀವನದ ವಿಚಿತ್ರ ಪರೀಕ್ಷೆ ಎದುರಾಯ್ತು. ಆಸ್ಟ್ರೇಲಿಯಾಗೆ ಹೋಗಿದ್ದಾಗ ಹೋಬಾರ್ಟ್ ಪಟ್ಟಣ ತನ್ನ ಹೆಮ್ಮೆಯ ಮಗಳಿಗೆ ಸ್ವಾಗತ ಏರ್ಪಡಿಸಿತು. ನಗರಾಧ್ಯಕ್ಷರ ಸತ್ಕಾರ, ಗಣ್ಯರು. ಎಂದೂ ಕಾಣದ ಹುಟ್ಟೂರಿನಲ್ಲಿ 67 ವರ್ಷದ ಹೆಂಗಸು. ಅಲ್ಲಿ ಅವಳು ಅಸ್ವಸ್ಥಳಾಗಿ ಹೆಚ್ಚು ಹೊತ್ತು ಇರಲಿಲ್ಲ ಅಂತ ಹೇಳ್ತಾರೆ. ಮರುವರ್ಷ, 1979ರ ನವೆಂಬರ್ 23ರಂದು, ಮೆದುಳಿನ ಆಘಾತದಿಂದ ತೀರಿಕೊಂಡಳು.

ಗುಟ್ಟು ಹೊರಬಿದ್ದದ್ದು 1983ರಲ್ಲಿ, ಚಾರ್ಲ್ಸ್ ಹೈಯಮ್ ಮತ್ತು ರಾಯ್ ಮೋಸ್ಲಿ ಬರೆದ ಜೀವನಚರಿತ್ರೆಯಲ್ಲಿ. ಅದರ ಒಳಗೂ ಇನ್ನೊಂದು ಗುಟ್ಟು ಉಳಿದಿತ್ತು. ಕಾನ್‌ಸ್ಟನ್ಸ್ ನೆನಪಿದೆಯಲ್ಲ? ಅವಳನ್ನು ಮರ್ಲ್‌ಳ ಅಕ್ಕ ಅಂತಲೇ ಬೆಳೆಸಿದ್ದರು. ಆ ಕಾನ್‌ಸ್ಟನ್ಸ್‌ಳ ಮಗ ಹ್ಯಾರಿ ಸೆಲ್ಬಿ ಟೊರಾಂಟೊದಲ್ಲಿದ್ದ. ಚಿಕ್ಕಮ್ಮ ಅಂದುಕೊಂಡಿದ್ದ ನಟಿಯ ಜನನ ಪ್ರಮಾಣಪತ್ರವನ್ನು ಬಾಂಬೆಯ ಸರ್ಕಾರಿ ದಾಖಲೆಗಳಲ್ಲಿ ಹುಡುಕಿ ತೆಗೆದ. ತಾಯಿಯ ಹೆಸರಿನ ಜಾಗದಲ್ಲಿ ಕಾನ್‌ಸ್ಟನ್ಸ್ ಅಂತಿತ್ತು. ಮರ್ಲ್ ಹುಟ್ಟಿದಾಗ ಆ ಹುಡುಗಿಗೆ ಬರೀ 12 ವರ್ಷ ಅಂತ ಲೆಕ್ಕ. ತಂದೆ ಅವಳ ತಾಯಿಯ ಜೊತೆಗಾರ ಥಾಂಪ್ಸನ್. ಷಾರ್ಲೆಟ್ ಮೊಮ್ಮಗಳನ್ನೇ ತನ್ನ ಮಗಳು ಅಂತ ಹೇಳಿಕೊಂಡು ಸಾಕಿದ್ದಳು. ಅಂದ್ರೆ ಈ ಮನೆಯಲ್ಲಿ ಮೊದಲ ಸುಳ್ಳು ಹೇಳಿದ್ದು ಮರ್ಲ್ ಅಲ್ಲ, ಹಾಲಿವುಡ್ಡೂ ಅಲ್ಲ. ಒಂದು ಮಗುವಿನ ಮೇಲೆ ನಡೆದ ಅಪರಾಧವನ್ನು ಮುಚ್ಚೋಕೆ, ಇನ್ನೊಂದು ಮಗುವಿನ ತಲೆ ಕಾಯೋಕೆ, ಒಬ್ಬ ಬಡ ಹೆಂಗಸು ಹೇಳಿದ್ದು. ತಮ್ಮನಾದ ಹ್ಯಾರಿ ಅಕ್ಕನನ್ನು ನೋಡೋಕೆ ಲಾಸ್ ಏಂಜಲೀಸ್‌ಗೆ ಹೋದ. ಅವಳು ಭೇಟಿಗೆ ಒಪ್ಪಲಿಲ್ಲ. 2002ರಲ್ಲಿ ಬಂದ ‘ದಿ ಟ್ರಬಲ್ ವಿತ್ ಮರ್ಲ್’ ಅನ್ನೋ ಆಸ್ಟ್ರೇಲಿಯಾದ ಸಾಕ್ಷ್ಯಚಿತ್ರದಲ್ಲಿ ಈ ವಿಷಯವೆಲ್ಲ ಇದೆ. ಪ್ರಮಾಣಪತ್ರ ತೋರಿಸಿದ ಮೇಲೂ ಅವಳು ತಮ್ಮೂರವಳೇ ಅಂತ ನಂಬಿರೋ ಟ್ಯಾಸ್ಮೇನಿಯಾದ ಜನ ಅದರಲ್ಲಿ ಸಿಗ್ತಾರೆ.

ಈಗ ‘ಆಸ್ಕರ್‌ಗೆ ಹೋದ ಮೊದಲ ಭಾರತೀಯ ನಟಿ, ಹೆಮ್ಮೆಯ ವಿಷಯ’ ಅಂತ ಅವಳ ಫೋಟೊ ವಾಟ್ಸ್ಯಾಪ್‌ನಲ್ಲಿ ಬಂದರೆ ಮುಂದಕ್ಕೆ ಕಳಿಸೋಕೆ ನನ್ನ ಕೈ ಓಡಲ್ಲ. ಕಲ್ಕತ್ತಾದಲ್ಲಿ ಅವಳಿಗೆ ಬೇಕಾಗಿದ್ದಾಗ ನಾವು ಯಾರೂ ನಮ್ಮವಳು ಅನ್ನಲಿಲ್ಲ. ಹಾಗಂತ ತಾಯಿಯನ್ನು ಮುಚ್ಚಿಟ್ಟವಳು ಅಂತ ಕಲ್ಲು ಹೊಡೆಯೋಕೂ ಆಗಲ್ಲ. ಕಾಲ್ ಸೆಂಟರ್ ದಿನಗಳಲ್ಲಿ ರಾತ್ರಿ ಪಾಳಿಗೆ ಸಂತೋಷ ‘ಸ್ಯಾಮ್’ ಆಗ್ತಿದ್ದ, ಧಾಟಿ ತಿದ್ದೋಕೆ ತರಗತಿ ಇರ್ತಿತ್ತು. ಬೆಳಿಗ್ಗೆ ಕ್ಯಾಬ್ ಇಳಿದರೆ ಮತ್ತೆ ಸಂತೋಷ. ಮರ್ಲ್‌ಗೆ ಆ ಪಾಳಿ ಐವತ್ತು ವರ್ಷ ನಡೀತು.

ನೋಡೋದಾದ್ರೆ ‘ದೀಸ್ ತ್ರೀ’ಯಿಂದ ಶುರು ಮಾಡಿ. ಆಮೇಲೆ ‘ವದರಿಂಗ್ ಹೈಟ್ಸ್’. ಅದಾದ ಮೇಲೆ ಒಂದು ಭಾನುವಾರ ‘ಎಲಿಫೆಂಟ್ ಬಾಯ್’ ಮತ್ತು ‘ದಿ ಡಾರ್ಕ್ ಏಂಜಲ್’ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಕೂತ್ಕೊಳ್ಳಿ. ಮೊದಲನೆಯದರಲ್ಲಿ ಸುಮಾರು 90 ವರ್ಷದ ಹಿಂದಿನ ಮೈಸೂರು ಸೀಮೆಯ ಕಾಡು, ಆನೆ, ಹುಡುಗ ಸಾಬು. ಎರಡನೆಯದರಲ್ಲಿ ಇಂಗ್ಲೆಂಡಿನ ಹಳ್ಳಿಯ ತೋಟದಲ್ಲಿ ಬಿಳಿ ಗೌನು ಹಾಕಿಕೊಂಡು ನಿಂತಿರೋ, ಗಿರ್ಗಾಂವ್‌ನಿಂದ ಹೋದವಳೋ ಬೈಕುಲಾದಿಂದ ಹೋದವಳೋ ಅಂತ ಯಾರೂ ಕೇಳದೆ ಹೋದ ಬಾಂಬೆಯ ಹುಡುಗಿ.